ಹೈಸ್ಕೂಲಿನಲ್ಲೇ ಕಾಲೇಜಿನ ಕ್ರೆಡಿಟ್: ಕೊಡುವವರು ಯಾರು, ಒಪ್ಪುವವರು ಯಾರು?

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮೇ ತಿಂಗಳು ಬಂತೆಂದರೆ ನೆಂಟರಿಷ್ಟರ ಓಡಾಟ ಕಡಿಮೆಯಾಗುತ್ತದೆ. ಹನ್ನೊಂದನೆಯ ತರಗತಿಯಲ್ಲೋ ಹನ್ನೆರಡರಲ್ಲೋ ಓದುವ ಮಕ್ಕಳಿದ್ದರಂತೂ ಟೀವಿಯ ದನಿಯೂ ತಗ್ಗುತ್ತದೆ. ಆ ತಿಂಗಳ ಮೊದಲೆರಡು ವಾರ ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳ ಕಾಲ. ಊರಿನಿಂದ ಫೋನು ಮಾಡುವ ಅಜ್ಜಿಗೆ ಇದು ಅರ್ಥವಾಗುವುದಿಲ್ಲ. ಹೈಸ್ಕೂಲು ಮುಗಿಸದ ಹುಡುಗ ಕಾಲೇಜಿನ ಪರೀಕ್ಷೆ ಯಾಕೆ ಬರೆಯುತ್ತಾನೆ? ಬರೆದರೆ ಏನು ಸಿಗುತ್ತದೆ? ಸಿಕ್ಕಿದ್ದು ಮುಂದೆ ನಡೆಯುತ್ತದೆಯೇ? ಅಜ್ಜಿಯ ಪ್ರಶ್ನೆಗಳು ನ್ಯಾಯವಾದವೇ. ಕೊನೆಯದಕ್ಕೆ ಅಮೆರಿಕದ ಶಿಕ್ಷಣ ವ್ಯವಸ್ಥೆಯೂ ಇವತ್ತಿನವರೆಗೆ ಒಂದೇ ಉತ್ತರ ಕೊಟ್ಟಿಲ್ಲ.

ಅಲ್ಲಿ ಹೈಸ್ಕೂಲೆಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷ. ನಮ್ಮ ಪಿಯುಸಿ ವಯಸ್ಸಿನವರು ಅಲ್ಲಿ ಇನ್ನೂ ಹೈಸ್ಕೂಲಿನ ಮಕ್ಕಳು. ಆ ಕೊನೆಯ ವರ್ಷಗಳಲ್ಲೇ ಪದವಿಯ ಮೊದಲ ವರ್ಷದ ಪಾಠ ಓದಿ, ಅದನ್ನು ಮುಂದಿನ ಕಾಲೇಜಿನ ಲೆಕ್ಕಕ್ಕೆ ಜಮಾ ಮಾಡಿಸಿಕೊಳ್ಳುವುದೇ ಈ ಏರ್ಪಾಡು. ಆಸೆಗೆ ಕಾರಣ ಸರಳ: ಫೀಸು. ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕವೇ 2024-25ರಲ್ಲಿ ವರ್ಷಕ್ಕೆ ಸರಾಸರಿ 11,600 ಡಾಲರ್ ಆಸುಪಾಸು ಇತ್ತು. ಖಾಸಗಿಯದಾದರೆ 43,000 ಡಾಲರ್ ದಾಟುತ್ತಿತ್ತು. ಊಟ, ವಸತಿ ಬೇರೆ. ಒಂದು ಸೆಮಿಸ್ಟರ್ ಉಳಿದರೂ ಮಧ್ಯಮ ವರ್ಗದ ಮನೆಗೆ ಅದು ಸಣ್ಣ ಮೊತ್ತವಲ್ಲ.

ಕ್ರೆಡಿಟ್ ಎನ್ನುವ ಅಳತೆಯ ಹುಟ್ಟು ಸ್ವಾರಸ್ಯದ್ದು. 1905ರಲ್ಲಿ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಒಂದು ಕೋಟಿ ಡಾಲರ್ ದತ್ತಿ ಇಟ್ಟರು. ಇಟ್ಟದ್ದು ವಿದ್ಯಾರ್ಥಿಗಳಿಗಲ್ಲ, ನಿವೃತ್ತ ಪ್ರಾಧ್ಯಾಪಕರ ಪಿಂಚಣಿಗೆ. ಯಾವ ಕಾಲೇಜಿನ ಪ್ರಾಧ್ಯಾಪಕರು ಪಿಂಚಣಿಗೆ ಅರ್ಹರು ಎಂದು ತೀರ್ಮಾನಿಸಬೇಕಾದರೆ, ಕಾಲೇಜು ಯಾವುದು ಹೈಸ್ಕೂಲು ಯಾವುದು ಎಂದು ಮೊದಲು ಗೆರೆ ಎಳೆಯಬೇಕಿತ್ತು. ಆಗ ಅವೆರಡೂ ಒಂದರೊಳಗೊಂದು ಕಲಸಿಹೋಗಿದ್ದವು. ಕಾರ್ನೆಗಿ ಪ್ರತಿಷ್ಠಾನ ಹೈಸ್ಕೂಲಿನ ಓದನ್ನು ತರಗತಿಯಲ್ಲಿ ಕಳೆದ ಗಂಟೆಗಳಲ್ಲಿ ಅಳೆಯಿತು. ಇಂತಿಷ್ಟು ಯೂನಿಟ್ ಮುಗಿಸಿದವರನ್ನೇ ಸೇರಿಸಿಕೊಳ್ಳುವ ಸಂಸ್ಥೆ ಕಾಲೇಜು ಎಂದಿತು. ಪಿಂಚಣಿಯ ಆಸೆಗೆ ಕಾಲೇಜುಗಳು ಒಪ್ಪಿದವು. ಅದೇ ಗಂಟೆಯ ಲೆಕ್ಕ ಕಾಲೇಜಿನೊಳಕ್ಕೂ ಹೋಯಿತು. ವಾರಕ್ಕೆ ಒಂದು ಗಂಟೆ ಪಾಠ, ಅದಕ್ಕೆ ಎರಡು ಗಂಟೆ ಮನೆಯ ಓದು, ಹೀಗೆ ಸುಮಾರು 15 ವಾರ ನಡೆದರೆ ಒಂದು ಕ್ರೆಡಿಟ್. ಪದವಿಗೆ 120 ಬೇಕು, ಎರಡು ವರ್ಷದ ಅಸೋಸಿಯೇಟ್ ಪದವಿಗೆ 60. ಹೈಸ್ಕೂಲನ್ನೂ ಕಾಲೇಜನ್ನೂ ಬೇರೆ ಮಾಡಲು ಹುಟ್ಟಿದ ಅಳತೆಯನ್ನೇ ಹಿಡಿದು ಈಗ ಅವೆರಡರ ನಡುವಿನ ಗೋಡೆ ದಾಟುತ್ತಿದ್ದಾರೆ.

ಗೋಡೆ ದಾಟುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು 1950ರ ದಶಕದಲ್ಲಿ. ಒಳ್ಳೆಯ ಶಾಲೆಗಳಲ್ಲಿ ಓದಿದ ಜಾಣರು ಕಾಲೇಜಿನ ಮೊದಲ ವರ್ಷದಲ್ಲಿ ಓದಿದ್ದನ್ನೇ ಮತ್ತೆ ಓದಿ ಬೇಸತ್ತುಹೋಗುತ್ತಿದ್ದರು. ಕೊರಿಯಾ ಯುದ್ಧದ ದಿನಗಳು ಬೇರೆ. ಹುಡುಗರನ್ನು ಸೇನೆ ಕರೆಯುವ ಮುಂಚೆ ಅವರಿಗೆ ಸ್ವಲ್ಪವಾದರೂ ಕಾಲೇಜು ಕಲಿಸಬೇಕು ಎಂಬ ಆತುರವಿತ್ತು. ಫೋರ್ಡ್ ಪ್ರತಿಷ್ಠಾನದ ಹಣದಲ್ಲಿ ಎರಡು ಪ್ರಯೋಗಗಳು ನಡೆದವು. ಒಂದರಲ್ಲಿ ಆಂಡೋವರ್, ಎಕ್ಸಿಟರ್, ಲಾರೆನ್ಸ್‌ವಿಲ್ ಎಂಬ ಮೂರು ಶ್ರೀಮಂತ ವಸತಿ ಶಾಲೆಗಳು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಜತೆ ಕೂತು ವರದಿ ಬರೆದವು. ಇನ್ನೊಂದನ್ನು ಒಹಾಯೊದ ಕೆನ್ಯನ್ ಕಾಲೇಜಿನ ಅಧ್ಯಕ್ಷ ಗೋರ್ಡನ್ ಚಾಮರ್ಸ್ ಮುನ್ನಡೆಸಿದರು. ಎರಡೂ ಸೇರಿ ಎಪಿ ಆಯಿತು. 1955ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಅದನ್ನು ವಹಿಸಿಕೊಂಡಿತು. 1956ರ ಮೇ ತಿಂಗಳಲ್ಲಿ ಪರೀಕ್ಷೆ ಬರೆದವರು ಸುಮಾರು 1,200 ಮಂದಿ. ಇದನ್ನು ಕಟ್ಟಿದ್ದು ಗಣ್ಯರು, ಕಟ್ಟಿದ್ದು ಗಣ್ಯರ ಮಕ್ಕಳಿಗೆ. ಹಣ ಉಳಿಸುವ ಯೋಚನೆ ಆಗ ಯಾರ ತಲೆಯಲ್ಲೂ ಇರಲಿಲ್ಲ.

ಇದು ಬಡವರ ಮಕ್ಕಳಿಗೂ ದಕ್ಕುವ ವಿದ್ಯೆ ಎಂದು ದೇಶಕ್ಕೆ ತೋರಿಸಿದವರು ಹೈಮೆ ಎಸ್ಕಲಾಂಟೆ. ಬೊಲಿವಿಯಾದಿಂದ ವಲಸೆ ಬಂದ ಮೇಷ್ಟ್ರು. ತಮ್ಮ ದೇಶದಲ್ಲಿ ಪಾಠ ಮಾಡಿದ್ದರೂ ಅಮೆರಿಕದಲ್ಲಿ ಮತ್ತೆ ಮೊದಲಿಂದ ಪದವಿ ಓದಿ, 1974ರಲ್ಲಿ ಪೂರ್ವ ಲಾಸ್ ಏಂಜಲಿಸ್‌ನ ಗಾರ್ಫೀಲ್ಡ್ ಹೈಸ್ಕೂಲು ಸೇರಿದರು. ಮೆಕ್ಸಿಕೊ ಮೂಲದ ಕೂಲಿಕಾರರ ಮಕ್ಕಳ ಶಾಲೆ ಅದು. ಮಾನ್ಯತೆಯನ್ನೇ ಕಳೆದುಕೊಳ್ಳುವ ಸ್ಥಿತಿಯಲ್ಲಿತ್ತು. ಅಲ್ಲಿ ಅವರು ಕ್ಯಾಲ್ಕುಲಸ್ ಕಲಿಸಲು ಹೊರಟರು. ಶಾಲೆಗೆ ಮೊದಲು ಪಾಠ, ಶಾಲೆ ಬಿಟ್ಟ ಮೇಲೆ ಪಾಠ, ಬೇಸಿಗೆ ರಜೆಯಲ್ಲೂ ಪಾಠ. 1982ರಲ್ಲಿ 18 ಮಕ್ಕಳು ಎಪಿ ಕ್ಯಾಲ್ಕುಲಸ್ ಬರೆದರು, ಹದಿನೆಂಟೂ ಮಂದಿ ಪಾಸಾದರು. ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಪರೀಕ್ಷೆ ನಡೆಸುವ ಸಂಸ್ಥೆ ಹದಿನಾಲ್ಕು ಮಂದಿಯ ಉತ್ತರಗಳಲ್ಲಿ ಒಂದೇ ಬಗೆಯ ತಪ್ಪು ಕಂಡು, ನಕಲು ಹೊಡೆದಿರಬೇಕೆಂದು ಅನುಮಾನಪಟ್ಟಿತು. ಹನ್ನೆರಡು ಮಂದಿ ಮರುಪರೀಕ್ಷೆಗೆ ಒಪ್ಪಿದರು. ಆಗಸ್ಟಿನಲ್ಲಿ ಕೂತು ಬರೆದರು. ಹನ್ನೆರಡೂ ಮಂದಿ ಮತ್ತೆ ಪಾಸು.

ಆರು ವರ್ಷದ ನಂತರ ಈ ಕಥೆ 'ಸ್ಟ್ಯಾಂಡ್ ಅಂಡ್ ಡೆಲಿವರ್' ಎಂಬ ಸಿನಿಮಾ ಆಯಿತು. ಸಿನಿಮಾ ನೋಡಿದವರಿಗೆ ಒಂದು ವರ್ಷದಲ್ಲಿ ಪವಾಡ ನಡೆದಂತೆ ಕಾಣುತ್ತದೆ. ನಿಜದಲ್ಲಿ ಎಸ್ಕಲಾಂಟೆ ಶಾಲೆಗೆ ಕಾಲಿಟ್ಟು ಎಂಟು ವರ್ಷವಾಗಿತ್ತು; ಕೆಳಗಿನ ತರಗತಿಗಳಿಂದಲೇ ಬೀಜಗಣಿತದ ಬುನಾದಿ ಹಾಕಿಸಿಕೊಂಡು ಬಂದಿದ್ದರು. ಎಪಿಯನ್ನು ಎಲ್ಲ ಶಾಲೆಗೂ ಒಯ್ಯಬೇಕೆಂಬ ನೀತಿಗೆ ಆ ಸಿನಿಮಾ ದೊಡ್ಡ ಬಲ ಕೊಟ್ಟಿತು. ಆದರೆ ನೀತಿ ಮಾಡಿದವರಿಗೆ ಪರೀಕ್ಷೆಯ ಫಲಿತಾಂಶ ಕಂಡಷ್ಟು ಚೆನ್ನಾಗಿ ಅದರ ಹಿಂದಿನ ಎಂಟು ವರ್ಷ ಕಾಣಲಿಲ್ಲ ಎಂಬುದು ನನ್ನ ಅನಿಸಿಕೆ. ಎಪಿ ಎಂಬ ಹಣೆಪಟ್ಟಿ ಹಚ್ಚಿದ ತರಗತಿಗಳು ಎಲ್ಲೆಡೆ ಹುಟ್ಟಿಕೊಂಡವು. ಏಳನೆಯ, ಎಂಟನೆಯ ತರಗತಿಯ ಗಣಿತವನ್ನು ಗಟ್ಟಿ ಮಾಡುವ ಕೆಲಸಕ್ಕೆ ಅಷ್ಟು ಉತ್ಸಾಹ ಕಾಣಲಿಲ್ಲ.

ಈಗ ಎಪಿಯಲ್ಲಿ ಸುಮಾರು 40 ವಿಷಯಗಳಿವೆ. 2023ರಲ್ಲಿ ಸರ್ಕಾರಿ ಹೈಸ್ಕೂಲು ಮುಗಿಸಿದವರಲ್ಲಿ ಮೂರರಲ್ಲೊಬ್ಬರಿಗಿಂತ ತುಸು ಹೆಚ್ಚು ಮಂದಿ ಒಂದಾದರೂ ಎಪಿ ಪರೀಕ್ಷೆ ಬರೆದಿದ್ದರು. ಐದರಲ್ಲೊಬ್ಬರಿಗಿಂತ ತುಸು ಹೆಚ್ಚು ಮಂದಿ ಒಂದರಲ್ಲಾದರೂ 3 ಅಥವಾ ಮೇಲಿನ ಅಂಕ ಪಡೆದಿದ್ದರು. ಅಂಕ 1ರಿಂದ 5ರವರೆಗೆ. 3 ಬಂದರೆ ಪಾಸೆಂದು ಲೆಕ್ಕ. ಗಣಿತದಲ್ಲಿ ಗಟ್ಟಿಗರು ಬರೆಯುವ ಕ್ಯಾಲ್ಕುಲಸ್ ಬಿಸಿ (BC) ಎಂದರೆ ಮೂರೂಕಾಲು ಗಂಟೆಯ ಪತ್ರಿಕೆ: 45 ಬಹುಆಯ್ಕೆ ಪ್ರಶ್ನೆ, ಬಿಡಿಸಿ ತೋರಿಸಬೇಕಾದ ಆರು ಲೆಕ್ಕ. ಪ್ರತಿ ಪರೀಕ್ಷೆಗೂ ನೂರು ಡಾಲರ್ ಆಸುಪಾಸು ಶುಲ್ಕ. ಬಡ ಮಕ್ಕಳಿಗೆ ರಿಯಾಯಿತಿ ಇದೆ, ಕೆಲವು ರಾಜ್ಯಗಳು ತಾವೇ ಪೂರ್ತಿ ಕಟ್ಟುತ್ತವೆ. ಕಾಲೇಜ್ ಬೋರ್ಡ್ ಲಾಭರಹಿತ ಸಂಸ್ಥೆಯೆಂದು ಕರೆಸಿಕೊಂಡರೂ ಅದರ ವಾರ್ಷಿಕ ಆದಾಯ ನೂರು ಕೋಟಿ ಡಾಲರ್ ಮುಟ್ಟಿದೆ. ಅದರಲ್ಲಿ ದೊಡ್ಡ ಪಾಲು ಎಪಿಯದೇ.

2020ರ ಮೇ ತಿಂಗಳಲ್ಲಿ ಕೋವಿಡ್ ಕಾರಣ ಈ ಪರೀಕ್ಷೆಗಳೆಲ್ಲ ಮನೆಯಲ್ಲೇ ನಡೆದವು. ಮೂರು ಗಂಟೆಯ ಪತ್ರಿಕೆಯನ್ನು 45 ನಿಮಿಷಕ್ಕೆ ಇಳಿಸಿದರು. ಪ್ರಶ್ನೆ ಸೋರಬಾರದೆಂದು ಜಗತ್ತಿಗೆಲ್ಲ ಒಂದೇ ಹೊತ್ತು ಗೊತ್ತುಮಾಡಿದರು, ಅದೂ ಅಮೆರಿಕದ ಪೂರ್ವ ಕರಾವಳಿಯ ಗಡಿಯಾರದಂತೆ. ಅಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಶುರುವಾಗುವ ಪತ್ರಿಕೆ ಬೆಂಗಳೂರಿನಲ್ಲಿ ಬರೆಯುವವರಿಗೆ ರಾತ್ರಿ ಒಂದೂವರೆಗೆ. ಕಾಗದದಲ್ಲಿ ಬರೆದು, ಫೋನಿನಲ್ಲಿ ಫೋಟೊ ತೆಗೆದು ಕಳಿಸಲು ಹೋದರೆ ಕೆಲವು ಐಫೋನುಗಳ ಚಿತ್ರವನ್ನು ಬೋರ್ಡಿನ ತಾಣ ಒಪ್ಪಿಕೊಳ್ಳಲೇ ಇಲ್ಲ. ವರ್ಷವಿಡೀ ಓದಿದವರು ಪರದೆಯ ಮುಂದೆ ಅಳುತ್ತ ಕೂತರು. ವಿಷಯ ಕೋರ್ಟಿನವರೆಗೂ ಹೋಯಿತು. ಅಷ್ಟು ಕುಗ್ಗಿಸಿದ ಪರೀಕ್ಷೆಯ ಅಂಕವನ್ನೂ ಎಂದಿನಂತೆ ಪರಿಗಣಿಸುತ್ತೇವೆ ಎಂದು ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿದವು. ಮಕ್ಕಳ ದೃಷ್ಟಿಯಿಂದ ಅದು ಸರಿಯೇ. ಆದರೆ 45 ನಿಮಿಷದಲ್ಲಿ ಅಳೆಯಬಹುದಾದದ್ದು ಒಂದು ವರ್ಷದ ಕಾಲೇಜು ಪಾಠ ಹೇಗಾದೀತು ಎಂಬ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಕೇಳಿದವರು ಮೊದಲೇ ಇದ್ದರು. ಡಾರ್ಟ್‌ಮತ್ ಕಾಲೇಜಿನ ಮನಃಶಾಸ್ತ್ರ ವಿಭಾಗ ಎಪಿ ಮನಃಶಾಸ್ತ್ರದಲ್ಲಿ 5 ಪಡೆದು ಬಂದ ನೂರಕ್ಕೂ ಹೆಚ್ಚು ಮಂದಿಗೆ ತನ್ನ ಮೊದಲ ಪಾಠದ ಅಂತಿಮ ಪರೀಕ್ಷೆಯ ಸಂಕ್ಷಿಪ್ತ ರೂಪವನ್ನು ಕೊಟ್ಟು ನೋಡಿತು. ಹತ್ತರಲ್ಲಿ ಒಂಬತ್ತು ಮಂದಿ ಪಾಸಾಗಲಿಲ್ಲ. ಈ ಪ್ರಯೋಗದ ರೀತಿಗೆ ಕಾಲೇಜ್ ಬೋರ್ಡ್ ತಕರಾರು ತೆಗೆಯಿತು. ಡಾರ್ಟ್‌ಮತ್ ಮಾತ್ರ 2014ರಿಂದ ಸೇರುವವರಿಗೆ ಎಪಿಯ ಆಧಾರದ ಮೇಲೆ ಪದವಿಯ ಕ್ರೆಡಿಟ್ ಕೊಡುವುದಿಲ್ಲ ಎಂದು 2013ರಲ್ಲೇ ಸಾರಿತು. ಕ್ಯಾಲ್‌ಟೆಕ್ ಕೂಡ ಕೊಡುವುದಿಲ್ಲ. 2018ರಲ್ಲಿ ವಾಷಿಂಗ್ಟನ್ ನಗರದ ಸುತ್ತಲಿನ ಎಂಟು ಪ್ರತಿಷ್ಠಿತ ಖಾಸಗಿ ಶಾಲೆಗಳು ಒಟ್ಟಾಗಿ ಎಪಿ ಪಾಠಗಳನ್ನೇ ಕೈಬಿಡುತ್ತೇವೆ ಎಂದವು: ಪರೀಕ್ಷೆಗಾಗಿ ಓಡುವ ಪಾಠದಲ್ಲಿ ಆಳ ಉಳಿಯುವುದಿಲ್ಲ, ನಮ್ಮ ಪಾಠ ನಾವೇ ಕಟ್ಟಿಕೊಳ್ಳುತ್ತೇವೆ. ಮಾತು ಸರಿಯೇ ಇರಬಹುದು. ಅದನ್ನು ಆಡುವ ಧೈರ್ಯ ಬಂದದ್ದು ಆ ಶಾಲೆಗಳ ಹೆಸರು ನೋಡಿಯೇ ಕಾಲೇಜುಗಳು ಮಕ್ಕಳನ್ನು ಕರೆದುಕೊಳ್ಳುತ್ತವೆ ಎಂಬ ಭರವಸೆಯಿಂದ. ಕಾನ್ಸಾಸ್‌ನ ಹಳ್ಳಿಯ ಶಾಲೆಯ ಹುಡುಗಿಗೆ ತಾನು ಕಷ್ಟದ ವಿಷಯ ಓದಬಲ್ಲೆ ಎಂದು ತೋರಿಸಲು ಆ 5ರ ಅಂಕವೇ ಆಧಾರ.

ರಾಜಕೀಯವೂ ಇದರೊಳಕ್ಕೆ ನುಗ್ಗಿದೆ. 2023ರ ಆರಂಭದಲ್ಲಿ ಫ್ಲಾರಿಡಾ ರಾಜ್ಯ ಎಪಿಯ ಆಫ್ರಿಕನ್ ಅಮೆರಿಕನ್ ಅಧ್ಯಯನವನ್ನು ತನ್ನ ಶಾಲೆಗಳಿಗೆ ಬೇಡವೆಂದಿತು. ಒಂದು ಖಾಸಗಿ ಸಂಸ್ಥೆ ಇಡೀ ದೇಶದ ಹೈಸ್ಕೂಲಿಗೆ ಪಠ್ಯ ಬರೆಯುತ್ತಿದೆ ಎಂಬ ಸಂಗತಿ ಬಹಳ ಜನರ ಗಮನಕ್ಕೆ ಬಂದದ್ದೇ ಆಗ.

ಎಪಿಯ ಸದ್ದಿನಲ್ಲಿ ನಮ್ಮವರ ಕಿವಿಗೆ ಅಷ್ಟಾಗಿ ಬೀಳದ ಇನ್ನೊಂದು ದಾರಿ ಈಗ ಅದಕ್ಕಿಂತ ಅಗಲವಾಗಿ ಬೆಳೆದಿದೆ. ಅದರ ಹೆಸರು ಡ್ಯುಯಲ್ ಎನ್‌ರೋಲ್‌ಮೆಂಟ್. ಟೆಕ್ಸಸ್‌ನಲ್ಲಿ ಡ್ಯುಯಲ್ ಕ್ರೆಡಿಟ್ ಎನ್ನುತ್ತಾರೆ. ವಿದ್ಯಾರ್ಥಿಯ ಹೆಸರು ಏಕಕಾಲಕ್ಕೆ ಹೈಸ್ಕೂಲಿನ ಹಾಜರಿಯಲ್ಲೂ ಕಾಲೇಜಿನ ಹಾಜರಿಯಲ್ಲೂ ಇರುತ್ತದೆ. ಮೇ ತಿಂಗಳ ಒಂದು ಪರೀಕ್ಷೆಯ ಮೇಲೆ ಎಲ್ಲವೂ ನಿಂತಿರುವುದಿಲ್ಲ. ಸೆಮಿಸ್ಟರ್ ಇಡೀ ಓದಿ ಪಾಸಾದರೆ ಕಾಲೇಜಿನ ಕ್ರೆಡಿಟ್ ಬಂದೇ ಬರುತ್ತದೆ. ಕನೆಕ್ಟಿಕಟ್ ವಿಶ್ವವಿದ್ಯಾಲಯ 1955ರಲ್ಲೇ ಹೈಸ್ಕೂಲುಗಳೊಳಗೆ ತನ್ನ ಪಾಠ ಶುರು ಮಾಡಿತ್ತು. 1985ರಲ್ಲಿ ಮಿನೆಸೋಟದ ಗವರ್ನರ್ ರೂಡಿ ಪರ್ಪಿಚ್ ಹನ್ನೊಂದು, ಹನ್ನೆರಡನೆಯ ತರಗತಿಯವರು ಸರ್ಕಾರದ ಖರ್ಚಿನಲ್ಲೇ ಕಾಲೇಜಿಗೆ ಹೋಗಿ ಓದಬಹುದೆಂದು ಕಾನೂನು ತಂದರು. ಇತರ ರಾಜ್ಯಗಳಿಗೆ ಅದು ಮಾದರಿಯಾಯಿತು. ವಾಷಿಂಗ್ಟನ್ ರಾಜ್ಯ 1990ರಲ್ಲಿ ರನ್ನಿಂಗ್ ಸ್ಟಾರ್ಟ್ ಎಂದು, ಒಹಾಯೊ 2015ರಲ್ಲಿ ಕಾಲೇಜ್ ಕ್ರೆಡಿಟ್ ಪ್ಲಸ್ ಎಂದು ತಂದವು. 2022-23ರಲ್ಲಿ ದೇಶದಲ್ಲಿ ಸುಮಾರು 25 ಲಕ್ಷ ಹೈಸ್ಕೂಲು ವಿದ್ಯಾರ್ಥಿಗಳು ಹೀಗೆ ಒಂದಾದರೂ ಕಾಲೇಜು ಪಾಠ ಓದಿದ್ದರು ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಸಂಶೋಧನಾ ಕೇಂದ್ರ ಲೆಕ್ಕ ಹಾಕಿದೆ. ಎರಡು ವರ್ಷದ ಪದವಿ ಕೊಡುವ ಕಮ್ಯುನಿಟಿ ಕಾಲೇಜುಗಳ ಪ್ರತಿ ಐದು ವಿದ್ಯಾರ್ಥಿಗಳಲ್ಲಿ ಒಬ್ಬರು ಈಗ ಹೈಸ್ಕೂಲಿನವರು.

ಈ ಏರಿಕೆಗೆ ಆದರ್ಶವೊಂದೇ ಕಾರಣವಲ್ಲ. 2010ರ ನಂತರ ಕಮ್ಯುನಿಟಿ ಕಾಲೇಜುಗಳಿಗೆ ಸೇರುವವರ ಸಂಖ್ಯೆ ಇಳಿಯುತ್ತ ಬಂತು. ಬೆಂಚುಗಳು ಖಾಲಿ ಬಿದ್ದವು. ಹೈಸ್ಕೂಲಿನವರು ಆ ಜಾಗ ತುಂಬಿದರು.

ಅವರ ತರಗತಿ ಹೇಗಿರುತ್ತದೆ? ಎರಡು ಬಗೆ. ಒಂದರಲ್ಲಿ ಹುಡುಗ ಬೆಳಿಗ್ಗೆ ಹೈಸ್ಕೂಲಿನಲ್ಲಿ ಎರಡು ಪೀರಿಯಡ್ ಮುಗಿಸಿ, ಕಾರು ಹತ್ತಿ ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾನೆ. ಅಲ್ಲಿ ಪಕ್ಕದಲ್ಲಿ ಕೂತವರು ರಾತ್ರಿ ಪಾಳಿ ಮುಗಿಸಿ ಬಂದ ನರ್ಸು, ಎರಡು ಮಕ್ಕಳ ತಾಯಿ, ಸೇನೆಯಿಂದ ನಿವೃತ್ತನಾದವನು. ಹದಿನೇಳರ ಹುಡುಗನಿಗೆ ಅರ್ಥಶಾಸ್ತ್ರದ ಜತೆ ಇನ್ನೇನೇನೋ ಅರ್ಥವಾಗುವ ಜಾಗ ಅದು. ಇನ್ನೊಂದು ಬಗೆಯಲ್ಲಿ ಯಾರೂ ಎಲ್ಲೂ ಹೋಗುವುದಿಲ್ಲ. ಅದೇ ಹೈಸ್ಕೂಲು, ಅದೇ ಕೋಣೆ, ಅದೇ ಇಂಗ್ಲಿಷ್ ಮೇಡಂ. ಪಠ್ಯಕ್ರಮ ಮಾತ್ರ ಕಾಲೇಜಿನದು, ಟ್ರಾನ್ಸ್‌ಕ್ರಿಪ್ಟ್ ಮೇಲೆ ಕಾಲೇಜಿನ ಮುದ್ರೆ. ದೇಶದಲ್ಲಿ ಹೆಚ್ಚು ನಡೆಯುವುದು ಈ ಎರಡನೆಯದೇ. ಮೇಡಂಗೆ ಕಾಲೇಜಿನಲ್ಲಿ ಕಲಿಸುವ ಅರ್ಹತೆ ಇರಬೇಕು. ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಮತ್ತು ಆ ವಿಷಯದಲ್ಲೇ 18 ಕ್ರೆಡಿಟ್ ಕೇಳುತ್ತಾರೆ. ಹಳ್ಳಿಗಾಡಿನ ಶಾಲೆಗಳಲ್ಲಿ ಅಂಥವರು ಸಿಗುವುದೇ ಕಷ್ಟ. ಸಿಕ್ಕರೂ, ಮೂವತ್ತು ಮಕ್ಕಳಲ್ಲಿ ಹತ್ತು ಮಂದಿ ಕಾಲೇಜಿನ ಕ್ರೆಡಿಟ್‌ಗೆ, ಇಪ್ಪತ್ತು ಮಂದಿ ಬರೀ ಹೈಸ್ಕೂಲಿಗೆ ಕೂತಿರುವ ತರಗತಿಯಲ್ಲಿ ಪಾಠದ ಮಟ್ಟ ಯಾವುದಾಗಿರುತ್ತದೆ ಎಂಬುದನ್ನು ಪಾಠ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಮಕ್ಕಳಿಗೆ ತಡವಾಗಿ ಗೊತ್ತಾಗುವ ಸಂಗತಿ ಇನ್ನೊಂದಿದೆ. ಎಪಿಯಲ್ಲಿ 2 ಬಂದರೆ ಆ ಅಂಕವನ್ನು ಕಾಲೇಜಿಗೆ ಕಳಿಸದೆ ಸುಮ್ಮನಿರಬಹುದು. ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ಬಂದ ಸಿ ಅಥವಾ ಡಿ ಗ್ರೇಡು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಯಂ ಕೂರುತ್ತದೆ. ಹದಿನಾರನೆಯ ವಯಸ್ಸಿನಲ್ಲಿ ಆದ ಎಡವಟ್ಟು ಇಪ್ಪತ್ತೆರಡರಲ್ಲಿ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವಾಗ ಎದುರು ಬಂದು ನಿಲ್ಲುತ್ತದೆ. ಸರ್ಕಾರದ ನೆರವು ಮುಂದುವರಿಯಬೇಕಾದರೆ ಓದಿನಲ್ಲಿ ತೃಪ್ತಿಕರ ಪ್ರಗತಿ ತೋರಿಸಬೇಕೆಂಬ ನಿಯಮವಿದೆ. ಆ ಲೆಕ್ಕಕ್ಕೂ ಇದು ಸೇರುತ್ತದೆ.

ಇಷ್ಟೆಲ್ಲ ಇದ್ದರೂ ಬಡ ಮಕ್ಕಳ ಬದುಕು ಬದಲಿಸಿದ ದಾರಿ ಯಾವುದೆಂದರೆ ನಾನು ಬೆರಳು ತೋರಿಸುವುದು ಇದರದೇ ಒಂದು ಕವಲಿನ ಕಡೆಗೆ: ಅರ್ಲಿ ಕಾಲೇಜು ಹೈಸ್ಕೂಲು. 1974ರಲ್ಲಿ ನ್ಯೂಯಾರ್ಕಿನ ಲಗ್ವಾರ್ಡಿಯಾ ಕಮ್ಯುನಿಟಿ ಕಾಲೇಜು ತನ್ನ ಆವರಣದೊಳಗೇ ಒಂದು ಹೈಸ್ಕೂಲು ತೆರೆಯಿತು. ಅದು ಜಾಣರಿಗಾಗಿ ತೆರೆದದ್ದಲ್ಲ. ಶಾಲೆ ಬಿಟ್ಟುಬಿಡುವ ಹಂತದಲ್ಲಿದ್ದ ಮಕ್ಕಳಿಗಾಗಿ. ದಿನವೂ ಕಾಲೇಜಿನ ನೆಲದ ಮೇಲೆ ಓಡಾಡಿದರೆ ಕಾಲೇಜಿನ ಭಯ ಹೋಗುತ್ತದೆ ಎಂಬ ಲೆಕ್ಕ. 2001ರಲ್ಲಿ ಅದೇ ನಗರದಲ್ಲಿ ಬಾರ್ಡ್ ಹೈಸ್ಕೂಲ್ ಅರ್ಲಿ ಕಾಲೇಜು ಬಂತು. ಸರ್ಕಾರಿ ಶಾಲೆ, ಫೀಸಿಲ್ಲ. ಹನ್ನೆರಡನೆಯದು ಮುಗಿಸುವಷ್ಟರಲ್ಲಿ 60 ಕ್ರೆಡಿಟ್ಟಿನ ಅಸೋಸಿಯೇಟ್ ಪದವಿಯನ್ನೂ ಪಡೆಯಬಹುದು. ಮೆಕ್ಸಿಕೊ ಗಡಿಗೆ ಅಂಟಿಕೊಂಡ ಟೆಕ್ಸಸ್‌ನ ರಿಯೊ ಗ್ರಾಂಡೆ ಕಣಿವೆಯಲ್ಲಿ ಫಾರ್-ಸ್ಯಾನ್ ಹುವಾನ್-ಅಲಾಮೊ ಎಂಬ ಶಾಲಾ ಜಿಲ್ಲೆಯಿದೆ. ಬಹುಪಾಲು ಬಡ ಹಿಸ್ಪಾನಿಕ್ ಕುಟುಂಬಗಳು. ಅಲ್ಲಿ ಆಯ್ದ ಕೆಲವರಿಗೆ ಎನ್ನದೆ ಇಡೀ ಜಿಲ್ಲೆಯ ಹೈಸ್ಕೂಲುಗಳನ್ನೇ ಸೌತ್ ಟೆಕ್ಸಸ್ ಕಾಲೇಜಿನ ಜತೆ ಬೆಸೆದು ಈ ದಾರಿಗೆ ತಂದರು. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದ ಮಕ್ಕಳು ಹೈಸ್ಕೂಲಿನ ಡಿಪ್ಲೊಮಾಕ್ಕೆ ಮುಂಚೆಯೇ ಕಾಲೇಜಿನ ಪದವಿ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಆ ಕಡೆ ಈಗ ಹೊಸ ಸುದ್ದಿಯಲ್ಲ.

ಇದು ಬರೀ ಭಾವುಕತೆಯ ಮಾತಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದಾಗ ಇಂಥ ಶಾಲೆಗಳು ಲಾಟರಿ ಎತ್ತುತ್ತವೆ. ಹಾಗಾಗಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ನ್ಯಾಯವಾಗಿ ಹೋಲಿಸಬಹುದು. ಅಮೆರಿಕನ್ ಇನ್‌ಸ್ಟಿಟ್ಯೂಟ್ಸ್ ಫಾರ್ ರಿಸರ್ಚ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅರ್ಲಿ ಕಾಲೇಜಿನ ಮಕ್ಕಳಲ್ಲಿ ನೂರಕ್ಕೆ 22 ಮಂದಿ ಅಧ್ಯಯನ ಮುಗಿಯುವ ಹೊತ್ತಿಗಾಗಲೇ ಕಾಲೇಜಿನ ಒಂದು ಪದವಿ ಪಡೆದಿದ್ದರು. ಲಾಟರಿಯಲ್ಲಿ ಸೋತವರಲ್ಲಿ ನೂರಕ್ಕೆ ಇಬ್ಬರು. ಎಪಿಯ ಪರ ಇಷ್ಟು ಗಟ್ಟಿಯಾದ ಪುರಾವೆ ನನ್ನ ಕಣ್ಣಿಗೆ ಬಿದ್ದಿಲ್ಲ. ಎಪಿ ಬರೆದವರು ಮುಂದೆ ಚೆನ್ನಾಗಿ ಓದುತ್ತಾರೆ, ನಿಜ. ಅವರಲ್ಲಿ ಅನೇಕರು ಎಪಿ ಇಲ್ಲದಿದ್ದರೂ ಚೆನ್ನಾಗಿಯೇ ಓದುತ್ತಿದ್ದರೇನೋ.

ಉಳಿದ ದಾರಿಗಳನ್ನು ಹೆಸರಿಸಿ ಮುಂದೆ ಹೋಗಬಹುದು. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಐಬಿ, ಬೆಂಗಳೂರಿನ ದುಬಾರಿ ಶಾಲೆಗಳಿಂದಾಗಿ ನಮಗೆ ಗೊತ್ತಿರುವುದೇ. ಅದರ ಹೈಯರ್ ಲೆವೆಲ್ ವಿಷಯಗಳಿಗೆ ಹಲವು ಅಮೆರಿಕನ್ ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡುತ್ತವೆ. ಕ್ಲೆಪ್ ಎಂಬುದು 1967ರಿಂದಿರುವ ಪರೀಕ್ಷೆ. ಯಾವ ವಯಸ್ಸಿನವರೂ ಬರೆಯಬಹುದು, ಸೈನಿಕರಿಗೆ ಹೆಚ್ಚು ಉಪಯೋಗ.

ಈಗ ಅಜ್ಜಿಯ ಕೊನೆಯ ಪ್ರಶ್ನೆ: ಸಿಕ್ಕಿದ್ದು ನಡೆಯುತ್ತದೆಯೇ? ಕ್ರೆಡಿಟ್ ಎಂಬುದು ಹಳೆಯ ಕಾಲದ ಹುಂಡಿಯ ಹಾಗೆ. ಬರೆದುಕೊಟ್ಟವರು ಒಬ್ಬರು, ಹಣ ಎಣಿಸಬೇಕಾದವರು ಇನ್ನೊಂದು ಊರಿನ ಇನ್ನೊಬ್ಬರು. ಅದರ ಬೆಲೆ ಎಷ್ಟೆಂದು ಹೇಳುವವರು ಬರೆದವರಲ್ಲ, ಎಣಿಸುವವರು. ಟೆಕ್ಸಸ್, ಇಲಿನಾಯ್ ಮೊದಲಾದ ಹಲವು ರಾಜ್ಯಗಳು ಎಪಿಯಲ್ಲಿ 3 ಬಂದರೆ ಸರ್ಕಾರಿ ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡಲೇಬೇಕೆಂದು ಕಾನೂನು ಮಾಡಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ 3ಕ್ಕೆ ಕ್ರೆಡಿಟ್ ಕೊಡುತ್ತದೆ. ಆದರೆ ಆ ಕ್ರೆಡಿಟ್ ಯಾವ ಪಾಠಕ್ಕೆ ಬದಲಾಗುತ್ತದೆ ಎಂಬುದು ಕ್ಯಾಂಪಸಿನಿಂದ ಕ್ಯಾಂಪಸಿಗೆ, ವಿಭಾಗದಿಂದ ವಿಭಾಗಕ್ಕೆ ಬೇರೆ. ಎಂಐಟಿ ಕ್ಯಾಲ್ಕುಲಸ್ ಬಿಸಿಯಲ್ಲಿ 5 ಬಂದರೆ ಮಾತ್ರ ತನ್ನ ಮೊದಲ ಕ್ಯಾಲ್ಕುಲಸ್ ಮಾಫಿ ಮಾಡುತ್ತದೆ, 4 ಬಂದರೆ ಇಲ್ಲ.

ಮನೆಯವರು ಮೋಸ ಹೋಗುವುದು ಕ್ರೆಡಿಟ್ ತಿರಸ್ಕಾರವಾದಾಗ ಅಲ್ಲ, ಸ್ವೀಕಾರವಾದಾಗ. ಉದಾಹರಣೆಗೆ ಒಬ್ಬ ಹುಡುಗಿ 30 ಕ್ರೆಡಿಟ್ ಹೊತ್ತು ಎಂಜಿನಿಯರಿಂಗಿಗೆ ಸೇರುತ್ತಾಳೆ ಎನ್ನಿ. ವಿಶ್ವವಿದ್ಯಾಲಯ ಮೂವತ್ತನ್ನೂ ಒಪ್ಪುತ್ತದೆ. ಅಪ್ಪ ಒಂದು ವರ್ಷದ ಫೀಸು ಉಳಿಯಿತೆಂದು ಲೆಕ್ಕ ಹಾಕುತ್ತಾನೆ. ಸೇರಿದ ಮೇಲೆ ವಿಭಾಗದ ಸಲಹೆಗಾರರು ನೋಡಿದರೆ ಮನಃಶಾಸ್ತ್ರ, ಮಾನವ ಭೂಗೋಳ, ಪರಿಸರ ವಿಜ್ಞಾನ ಇವೆಲ್ಲ ಎಲೆಕ್ಟಿವ್ ಪಟ್ಟಿಗೆ ಬಿದ್ದಿರುತ್ತವೆ, ಎಂಜಿನಿಯರಿಂಗ್ ಪದವಿಯಲ್ಲಿ ಎಲೆಕ್ಟಿವ್‌ಗೆ ಜಾಗವೇ ಇರುವುದಿಲ್ಲ. ಮೊದಲ ಸೆಮಿಸ್ಟರಿನ ಭೌತಶಾಸ್ತ್ರ ಪಾಸಾಗದೆ ಎರಡನೆಯದಕ್ಕೆ ಹೋಗುವಂತಿಲ್ಲ, ಅದಿಲ್ಲದೆ ಮೂರನೆಯದಕ್ಕಿಲ್ಲ. ಸರಪಳಿಯ ಉದ್ದ ನಾಲ್ಕು ವರ್ಷವೇ. ಮೂವತ್ತು ಕ್ರೆಡಿಟ್ ದಾಖಲೆಯಲ್ಲಿರುತ್ತದೆ, ಹುಡುಗಿ ನಾಲ್ಕು ವರ್ಷವೂ ಫೀಸು ಕಟ್ಟಿಯೇ ಹೊರಬರುತ್ತಾಳೆ. ವೈದ್ಯಕೀಯದ ಕನಸಿದ್ದವರಿಗೆ ಇನ್ನೊಂದು ತೊಡಕು: ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಎಪಿಯಿಂದ ತಪ್ಪಿಸಿಕೊಂಡದ್ದನ್ನು ಹಲವು ಮೆಡಿಕಲ್ ಕಾಲೇಜುಗಳು ಒಪ್ಪುವುದಿಲ್ಲ, ಮತ್ತೆ ಓದಿ ಬನ್ನಿ ಎನ್ನುತ್ತವೆ.

ಕೊಡುವವರೂ ಪಡೆಯುವವರೂ ಮೊದಲೇ ಕೂತು ಮಾತಾಡಿಕೊಂಡ ಕಡೆ, ಅಥವಾ ಕಾನೂನು ಇಬ್ಬರನ್ನೂ ಕಟ್ಟಿಹಾಕಿದ ಕಡೆ, ಈ ಏರ್ಪಾಡು ಕೆಲಸ ಮಾಡುತ್ತದೆ. ಉಳಿದೆಡೆ ಅದು ಅರ್ಜಿಯ ಅಲಂಕಾರ. ಅಲಂಕಾರಕ್ಕೂ ಬೆಲೆ ಇದೆ, ಪ್ರವೇಶ ಸಮಿತಿಗಳು ಅದನ್ನು ನೋಡುತ್ತವೆ. ಆದರೆ ಅದನ್ನು ಉಳಿತಾಯ ಎಂದು ಮಾರುವುದು ತಪ್ಪು.

ಕಾನೂನು ಕಟ್ಟಿಹಾಕಿದ ಕಡೆ ಏರ್ಪಾಡು ನಡೆಯುತ್ತದೆ ಎಂಬ ಮಾತಿಗೆ ಸಾಕ್ಷಿ ನಮ್ಮ ಮನೆ ಬಾಗಿಲಲ್ಲೇ ಇದೆ, ಅದನ್ನು ಯಾರೂ ಕ್ರೆಡಿಟ್ ಎಂದು ಕರೆಯುವುದಿಲ್ಲ ಅಷ್ಟೇ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಪಿಯುಸಿ ಬಿಟ್ಟು ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಓದುತ್ತಾನೆ. ಆಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಬರೆದು ಬಿಇಯ ಮೂರನೆಯ ಸೆಮಿಸ್ಟರಿಗೆ ನೇರ ಪ್ರವೇಶ ಪಡೆಯುತ್ತಾನೆ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಓದಿದ್ದು ಎಂಜಿನಿಯರಿಂಗಿನ ಇಡೀ ಮೊದಲ ವರ್ಷವಾಗಿ ಬದಲಾಗುತ್ತದೆ. ಕಾಲೇಜು ಒಪ್ಪುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ, ನಿಯಮವೇ ಒಪ್ಪಿಸುತ್ತದೆ. ಹಳ್ಳಿಯ, ಕೂಲಿ ಮಾಡುವವರ, ಸಣ್ಣ ಹಿಡುವಳಿಯವರ ಎಷ್ಟೋ ಮಕ್ಕಳು ಎಂಜಿನಿಯರಾದದ್ದು ಈ ದಾರಿಯಲ್ಲಿ. ಮೂರನೆಯ ಸೆಮಿಸ್ಟರಿನ ಗಣಿತದಲ್ಲಿ ಅವರು ಒದ್ದಾಡುತ್ತಾರೆ, ಅದೂ ನಿಜ. ಅದಕ್ಕೆಂದೇ ಬ್ರಿಜ್ ಕೋರ್ಸುಗಳಿವೆ. ಡಾರ್ಟ್‌ಮತ್ ಎತ್ತಿದ ತಕರಾರಿಗೆ ನಾವು ಕಂಡುಕೊಂಡ ಉತ್ತರ ಹೆಚ್ಚು ಮನುಷ್ಯತ್ವದ್ದು ಎನ್ನುತ್ತೇನೆ: ಬಾಗಿಲು ಮುಚ್ಚಲಿಲ್ಲ, ಒಳಗೆ ಬಂದವರಿಗೆ ಮೆಟ್ಟಿಲು ಹಾಕಿಕೊಟ್ಟೆವು.

ದೆಹಲಿಯಿಂದ ಬಂದಿರುವ ಹೊಸ ಯೋಜನೆಗಳು ಕಾಗದದ ಮೇಲೆ ಇದಕ್ಕಿಂತ ದೊಡ್ಡವು. 2021ರಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮ ತಂದಿತು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಓದಿಗೂ ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್ ಎಂದು ಲೆಕ್ಕ ಕಟ್ಟಿತು. ಆದರೆ ಶಾಲೆಯಲ್ಲಿ ಜಮೆಯಾದ ಕ್ರೆಡಿಟ್ಟಿನಿಂದ ಪದವಿಯ ಯಾವ ಪಾಠ ತಪ್ಪುತ್ತದೆ ಎಂದು ಹೇಳುವ ಪಟ್ಟಿ ನಮ್ಮ ಪಾಲಕರ ಕೈಗೆ ಬಂದಿಲ್ಲ. ಬ್ಯಾಂಕಿದೆ, ಖಾತೆಯಿದೆ, ಹಣ ಬಿಡಿಸುವ ಕೌಂಟರು ಎಲ್ಲಿ? ಈ ನಡುವೆ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕೈಬಿಟ್ಟು 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ರಾಜ್ಯ ಶಿಕ್ಷಣ ನೀತಿಯ ವರದಿ ಶಾಲೆಯನ್ನು 2+8+4 ಎಂದು ವಿಂಗಡಿಸಲು ಹೇಳಿದೆ. ಅಂದರೆ ಒಂಬತ್ತರಿಂದ ಹನ್ನೆರಡರವರೆಗೆ ಒಂದೇ ಘಟಕ, ಅಮೆರಿಕದ ಹೈಸ್ಕೂಲಿನಂತೆ. ಅದು ಜಾರಿಗೆ ಬಂದರೆ ಪಿಯು ಮಕ್ಕಳಿಗೆ ಪಕ್ಕದ ಪದವಿ ಕಾಲೇಜಿನ ಒಂದೆರಡು ಪಾಠ ತೆರೆದಿಡುವ ಬಗ್ಗೆ ಈಗಲೇ ಯೋಚಿಸುವುದು ಒಳ್ಳೆಯದು. ನಮ್ಮ ಎಷ್ಟೋ ಸರ್ಕಾರಿ ಪದವಿ ಕಾಲೇಜುಗಳಲ್ಲೂ ಬೆಂಚು ಖಾಲಿ ಇವೆ.

ಒಂದು ಕೊರಗನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಪಿಯಲ್ಲಿ ಭಾಷೆಗಳು ಏಳು: ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಲ್ಯಾಟಿನ್, ಚೀನೀ, ಜಪಾನಿ. ಭಾರತದ ಒಂದು ಭಾಷೆಯೂ ಇಲ್ಲ, ಹಿಂದಿಯೂ ಇಲ್ಲ. ಅಲ್ಲಿನ ಕನ್ನಡ ಸಂಘಟನೆಗಳವರು ವಾರಾಂತ್ಯದ ಕನ್ನಡ ಶಾಲೆ ನಡೆಸಿ, ಕೆಲವು ಶಾಲಾ ಜಿಲ್ಲೆಗಳಲ್ಲಿ ಕನ್ನಡವನ್ನು ಹೈಸ್ಕೂಲಿನ ವಿದೇಶಿ ಭಾಷೆಯಾಗಿ ಒಪ್ಪಿಸಿದ್ದಾರೆ. ಅದು ಸಣ್ಣ ಕೆಲಸವಲ್ಲ. ಕಾಲೇಜಿನ ಕ್ರೆಡಿಟ್‌ವರೆಗೆ ಒಯ್ಯಬೇಕಾದರೆ ಮಾತ್ರ ಎಪಿಯ ಬಾಗಿಲು ಕಾಯುವುದಕ್ಕಿಂತ, ಕನ್ನಡ ಕಲಿಸುವ ಒಂದು ವಿಶ್ವವಿದ್ಯಾಲಯವನ್ನೋ ಹತ್ತಿರದ ಕಮ್ಯುನಿಟಿ ಕಾಲೇಜನ್ನೋ ಹಿಡಿದು ಡ್ಯುಯಲ್ ಎನ್‌ರೋಲ್‌ಮೆಂಟ್ ಪಾಠವೊಂದನ್ನು ಶುರು ಮಾಡಿಸುವುದು ಹತ್ತಿರದ ದಾರಿ.

ಮೇ ತಿಂಗಳ ಎಪಿಗೆ ಹೆಸರು ನೋಂದಾಯಿಸಬೇಕಾದದ್ದು ಹಿಂದಿನ ನವೆಂಬರಿನಲ್ಲೇ. ಪಾಲಕರು ಅಷ್ಟರೊಳಗೆ ಒಂದು ಕೆಲಸ ಮಾಡಲಿ. ಮಗು ಹೋಗಬಹುದಾದ ಮೂರ್ನಾಲ್ಕು ವಿಶ್ವವಿದ್ಯಾಲಯಗಳ ಎಪಿ ಪಟ್ಟಿಯನ್ನು ಅವುಗಳ ತಾಣದಲ್ಲೇ ತೆರೆದು, ಯಾವ ಅಂಕಕ್ಕೆ ಯಾವ ಪಾಠ ಎಂಬುದನ್ನೂ ಅದು ಮಗು ಆರಿಸುವ ವಿಭಾಗದಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಲಿ. ಹೈಸ್ಕೂಲಿನ ಕೌನ್ಸೆಲರನ್ನಲ್ಲ, ಸೇರಬೇಕಾದ ವಿಭಾಗವನ್ನೇ ಕೇಳಲಿ. ಬೆಂಗಳೂರಿನಲ್ಲಿ ಕೂತು ಮಗುವಿಗೆ ಎಪಿ ಬರೆಸುವವರು ಇನ್ನೊಂದನ್ನು ತಿಳಿದಿರಲಿ: ಮಗು ಕೊನೆಗೆ ಇಲ್ಲೇ ಎಂಜಿನಿಯರಿಂಗ್ ಓದುವುದಾದರೆ, ಸಿಇಟಿ ರ‍್ಯಾಂಕಿಗೆ ಎಪಿಯ ಒಂದು ಅಂಕವೂ ಸೇರುವುದಿಲ್ಲ.